ಬ್ರೇಕಿನ ಪಿನ್

ಅಣ್ಣನಿಗೆ,

ಇದನ್ನು ಓದಿ ಮುಗಿಸುವವರೆಗೂ ಬೈಕ್ ಹತ್ತಬೇಡ. ನೀನು ಫೋನ್ ಎತ್ತುತ್ತಿಲ್ಲ, ಅಪ್ಪನನ್ನು ಈ ಸ್ಥಿತಿಯಲ್ಲಿ ಬಿಟ್ಟು ನಾನು ಬರುವ ಹಾಗಿಲ್ಲ. ನೀನು ಅಪ್ಪನ ಬೈಕನ್ನು ಗೆಳೆಯನ ಶೆಡ್ಡಿಗೆ ತಳ್ಳಿಕೊಂಡು ಹೋಗಿದ್ದನ್ನು ಹಾಲಿನವರು ನೋಡಿದ್ದಾರೆ. ಅವರ ಕೈಯಲ್ಲೇ ಈ ಪತ್ರ ಕಳಿಸುತ್ತಿದ್ದೇನೆ.

ಹಳೆಯ ಬೈಕುಗಳ ಬೆಲೆ ಗಗನಕ್ಕೇರಿದ ಮೇಲೆ ಅಪ್ಪನಿಗೆ ಕಳ್ಳರ ಭಯ ಹತ್ತಿಕೊಂಡಿದೆ. ದಿನಾ ಸಂಜೆ ಹಿಂದಿನ ಬ್ರೇಕಿನ ಪಿನ್ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಅದಿಲ್ಲದೆ ಎಷ್ಟು ತುಳಿದರೂ ಬ್ರೇಕ್ ಹಿಡಿಯುವುದಿಲ್ಲ. ಗಾಡಿ ಶುರುವಾಗದಂತೆ ಸ್ಪಾರ್ಕ್ ಪ್ಲಗ್ ತೆಗೆದಿಟ್ಟರೆ ಸಾಲದೇ ಎಂದು ಕೇಳಿದ್ದೆ.

"ಪ್ಲಗ್ ಯಾವ ಅಂಗಡೀಲಾದ್ರೂ ಸಿಗುತ್ತೆ. ಈ ಪಿನ್ ಹುಡುಕಿದ್ರೂ ಸಿಗಲ್ಲ. ಬ್ರೇಕ್ ತುಳಿದು ನೋಡದೆ ಯಾರಮ್ಮ ಗಾಡಿ ತೆಗೀತಾರೆ?" ಎಂದರು.

ನೀನು ಸದ್ದಾಗಬಾರದೆಂದು ತಳ್ಳಿಕೊಂಡೇ ಹೋದೆ, ತುಳಿದು ನೋಡಿರಲಾರೆ. ಮುಂದಿನ ಬ್ರೇಕ್ ಹೆಸರಿಗಷ್ಟೇ ಇದೆ. ಕೊಳ್ಳುವವರ ಮನೆ ಇಳಿಜಾರಿನ ಕೆಳಗಿದೆ, ಓಡಿಸಿಕೊಂಡೇ ಹೋಗಿ ತೋರಿಸಬೇಕು ಎಂದು ಹೋದ ವಾರ ನೀನೇ ಹೇಳಿದ್ದೆ.

ಪಿನ್ ಲಕೋಟೆಯಲ್ಲಿದೆ. ಮೊದಲು ಹಾಕಿಸು. ಆಮೇಲೆ ಮಾರಿಕೋ, ಏನಾದರೂ ಮಾಡಿಕೋ.

ಚಿಕ್ಕಪ್ಪ ಪೊಲೀಸರ ಹತ್ತಿರ ಹೋಗೋಣ ಎಂದು ಚಪ್ಪಲಿ ಮೆಟ್ಟಿ ನಿಂತಿದ್ದರು. ಅಪ್ಪ ಜೇಬಿನಿಂದ ಪಿನ್ ತೆಗೆದು ನನ್ನ ಕೈಗಿಟ್ಟರು. "ಮೊದಲು ಇದನ್ನ ಅವನಿಗೆ ಮುಟ್ಟಿಸು. ಕಳ್ಳತನದ ವಿಚಾರ ಆಮೇಲೆ ನೋಡೋಣ" ಎಂದರು.

ಆಗಿನಿಂದ ಅಪ್ಪ ಫೋನಿನ ಪಕ್ಕ ಬಿಟ್ಟು ಎದ್ದಿಲ್ಲ. ನೀನು ಏನೂ ಮಾತಾಡಬೇಕಾಗಿಲ್ಲ ಅಣ್ಣ, ಎತ್ತಿದರೆ ಸಾಕು.

ನಿನ್ನ ತಂಗಿ