ಬೊಸಿಬೊರಿಯ ಚಹಾ ಬುಟ್ಟಿ

ಮಾರ್ಚ್ ೧೪, ಶನಿವಾರ, ರಾತ್ರಿ

ತಂಗಿಯ ಬುಟ್ಟಿ ಹೊರಲಿಲ್ಲ. ಅದೇ ಕೊರೆಯುತ್ತಿದೆ.

ಮಧ್ಯಾಹ್ನ ಚರ್ಚಿನಲ್ಲಿ ಆರಾಧನೆ ಮುಗಿಸಿ ಬರುವಾಗ ತಂಗಿ ಬೊಸಿಬೊರಿ ತನ್ನ ಹೊಸ್ತಿಲಲ್ಲಿ ಕೂತಿದ್ದಳು. ಕಾಲು ಊದಿತ್ತು. ಪಕ್ಕದಲ್ಲಿ ಬುಟ್ಟಿ ತುಂಬ ಬೆಳಿಗ್ಗೆ ಕೊಯ್ದ ಚಹಾ ಎಲೆ.

"ಅಕ್ಕಾ, ಕಾಲು ಉಳುಕಿದೆ. ನಾಲ್ಕಕ್ಕೆ ಫ್ಯಾಕ್ಟರಿ ಲಾರಿ ಹೊರಟುಬಿಡುತ್ತೆ. ಇದನ್ನ ಲಾರಿಗೆ ಮುಟ್ಟಿಸ್ತೀಯಾ?"

"ಇವತ್ತು ಸಬ್ಬತ್ತು ಕಣೇ, ಕೆಲಸ ಮಾಡಬಾರದು. ಹೊತ್ತು ಮುಳುಗಲಿ."

"ಸಬ್ಬತ್ತಲ್ಲಿ ಕುರಿ ಗುಂಡಿಗೆ ಬಿದ್ರೆ ಮೇಲೆತ್ತಬಹುದಂತೆ, ಬೈಬಲಲ್ಲೇ ಇದೆ. ತಂಗಿ ಬಿದ್ರೆ ಬೇಡ್ವಾ?" ಎಂದು ನಕ್ಕಳು.

ನಾನು ನಗಲಿಲ್ಲ. ದೇವರ ಆಜ್ಞೆ ಎಂದು ಹೇಳಿ ಮನೆಗೆ ಬಂದೆ.

ಬಂದ ಮೇಲೆ ನೆನಪಾಯಿತು. ಮದುವೆಯಾದ ಮೇಲೆ ಅವಳದು ಗಂಡನ ಚರ್ಚು. ನಮಗೆ ಶನಿವಾರವಾದರೆ ಅವರಿಗೆ ಭಾನುವಾರವೇ ದೇವರ ದಿನ. ಹೋದ ವರ್ಷ ನನಗೆ ಜ್ವರ ಬಂದಾಗ ಅಂಥದೊಂದು ಭಾನುವಾರ ಅವಳು ಪೂಜೆ ಅರ್ಧಕ್ಕೆ ಬಿಟ್ಟು, ಚರ್ಚಿನ ಉಡುಪಿನಲ್ಲೇ ನನ್ನ ಎಲೆಯನ್ನು ಲಾರಿಗೆ ಹೊತ್ತಿದ್ದಳು. ಇದೆಲ್ಲ ನೆನಪಾದಾಗ ಇನ್ನೂ ಮೂರು ಗಂಟೆ. ಆದರೂ ನಾನು ಏಳಲಿಲ್ಲ.

ಹೊತ್ತು ಮುಳುಗಿದ ಮೇಲೆ ಹೋದೆ. ಎಲೆ ಬಾಡಿ ಕಪ್ಪಾಗಿತ್ತು.

"ಮುಗೀತಾ ನಿನ್ನ ಸಬ್ಬತ್ತು? ಒಲೆ ಹಚ್ಚದೆ ಬೆಳಿಗ್ಗೆಯಿಂದ ತಂಗಳು ತಿಂದಿರ್ತೀಯ, ಬಾ" ಎಂದು ಕುಂಟುತ್ತಲೇ ಬಿಸಿ ಮುದ್ದೆ, ಸೊಪ್ಪು ಬಡಿಸಿದಳು. ಆ ಭಾನುವಾರದ ಸುದ್ದಿ ತೆಗೆಯಲೇ ಇಲ್ಲ. ತೆಗೆದಿದ್ದರೆ ಜಗಳವಾದರೂ ಆಡುತ್ತಿದ್ದೆ.