ಸೆನೈತ್ ಆಂಟಿಯ ಮುಖ

ಪಾಪಟೋಟೊಯಿ, ಆಕ್ಲೆಂಡ್
ಶನಿವಾರ, ೧೨ ಜುಲೈ ೨೦೨೫

ಪ್ರೀತಿಯ ಮಯೂರಿ,

ಹೇಗಿದ್ದೀಯ? ಡ್ಯುನೆಡಿನ್ನಿನಲ್ಲಿ ಚಳಿ ಜೋರಂತೆ. ಟಿವಿಯಲ್ಲಿ ಹವಾಮಾನ ಬಂದರೆ ನಾನು ಮೊದಲು ನೋಡುವುದು ನಿನ್ನ ಊರನ್ನೇ. ಕೆಮ್ಮು ಹೋಯಿತೋ ಇಲ್ಲವೋ? ಹೀಟರ್ ಹಾಕಿಕೊಂಡೇ ಮಲಗು, ಕರೆಂಟ್ ಬಿಲ್ಲಿಗೆ ಹೆದರಿ ನಡುಗಬೇಡ. ನಿನ್ನ ಫ್ಲ್ಯಾಟ್‌ಮೇಟ್ ಹುಡುಗಿಗೆ ಶೇಂಗಾ ಚಟ್ನಿಪುಡಿ ಹಿಡಿಸಿತು ಅಂದೆಯಲ್ಲ, ಇನ್ನೊಂದು ಡಬ್ಬಿ ಮಾಡಿಟ್ಟಿದ್ದೇನೆ, ಈ ಕಾಗದದ ಜೊತೆಗೇ ಪಾರ್ಸೆಲ್ ಮಾಡುತ್ತೇನೆ. ನಿನ್ನ ಅಪ್ಪನ ಮಂಡಿನೋವು ಇದ್ದ ಹಾಗೇ ಇದೆ. ಡಾಕ್ಟರ್ ಹತ್ತಿರ ಹೋಗಿ ಅಂದರೆ ಏರ್‌ಪೋರ್ಟಿನ ಶಿಫ್ಟ್ ಅಡ್ಡ ಬರುತ್ತದೆ. ಆಟ ನೋಡಲು ಹೋಗುವಾಗ ಮಾತ್ರ ಮಂಡಿಯೂ ಅಡ್ಡ ಬರುವುದಿಲ್ಲ, ಶಿಫ್ಟೂ ಬರುವುದಿಲ್ಲ.

ಕೈಯಲ್ಲಿ ಫೋನ್ ಇದ್ದೂ ಅವ್ವ ಕಾಗದ ಬರೆಯುತ್ತಿದ್ದಾಳಲ್ಲ ಅಂತ ನಗಬೇಡ. ಫೋನಿನಲ್ಲಿ ಮಾತಾಡಿದರೆ ನಿನ್ನ ಅಪ್ಪ ಪಕ್ಕದಲ್ಲಿ ಕೂತು ನನ್ನ ಪ್ರತಿ ಮಾತಿಗೂ ತಿದ್ದುಪಡಿ ಹಾಕುತ್ತಾರೆ. ವಾಟ್ಸಾಪ್ ಗುಂಪಿನಲ್ಲಂತೂ ಬಾಯಿ ಬಿಡುವ ಹಾಗಿಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕು. ಸೆನೈತ್ ಆಂಟಿಯ ಮಗ ಯೋನಾಸ್ ನನ್ನ ಫೋನ್ ಎತ್ತುತ್ತಿಲ್ಲ. ನೀನು ಮಾಡಿದರೆ ಎತ್ತುತ್ತಾನೆ. ಚಿಕ್ಕಂದಿನಿಂದ ಒಂದೇ ತಟ್ಟೆಯಲ್ಲಿ ತಿಂದವರು ನೀವು. ಅವನು ತಾಯಿಯ ಬೇರೆ ಫೋಟೋ ಕೊಡಲು ಒಪ್ಪದಿದ್ದರೆ ಈ ತಿಂಗಳ ಕೊನೆಗೆ ಅಂಗಡಿಯವರು ಅವರ ಚಿತ್ರವಿರುವ ಗೋಡೆಗೆ ಬೂದುಬಣ್ಣ ಬಳಿಯುತ್ತಾರೆ, ಸೆನೈತ್ ಆಂಟಿಯ ಗುರುತು ಈ ಬೀದಿಯಲ್ಲಿ ಉಳಿಯುವುದಿಲ್ಲ. ಆದದ್ದನ್ನು ಮೊದಲಿನಿಂದ ಹೇಳುತ್ತೇನೆ, ತಾಳ್ಮೆಯಿಂದ ಓದು.

ಫೆಬ್ರವರಿಯಲ್ಲಿ ಸೆನೈತ್ ಆಂಟಿಯ ಮಣ್ಣಿಗೆ ಬಂದಾಗ ನೀನೇ ಕೇಳಿಸಿಕೊಂಡಿದ್ದೀಯ, ಚರ್ಚಿನಲ್ಲಿ ಜನ ಎದ್ದೆದ್ದು ನಿಂತು ಏನೇನು ಹೇಳಿದರು ಅಂತ. ಯುದ್ಧದಿಂದ ತಪ್ಪಿಸಿಕೊಂಡು ಇಥಿಯೋಪಿಯಾದಿಂದ ಮಗುವನ್ನು ಸೊಂಟದ ಮೇಲೆ ಹೊತ್ತು ಬಂದ ಹೆಂಗಸು. ಹಗಲು ಏರ್‌ಪೋರ್ಟಿನಲ್ಲಿ ನೆಲ ಒರೆಸಿ, ಸಂಜೆ ಚರ್ಚಿನ ಹಾಲ್ ತೆಗೆಸಿ, ಇಡೀ ಬೀದಿಯ ಮಕ್ಕಳನ್ನು ಓದಲು ಕೂರಿಸಿದವರು. ಬೂಸ್ಟು ಹಿಡಿದ ಮನೆಗಳ ಮಾಲೀಕರ ಬಾಗಿಲಿಗೆ ಸಮೋವಾದವರನ್ನೂ ಪಂಜಾಬಿಗಳನ್ನೂ ನಮ್ಮನ್ನೂ ಒಟ್ಟಿಗೆ ಕರೆದುಕೊಂಡು ಹೋದವರು. ಮೂಲೆಯ ಡೈರಿ ಅಂಗಡಿಗೆ ಕಳ್ಳರು ನುಗ್ಗಿದ ಮೇಲೆ ಆ ಅಂಗಡಿಯ ಹೆಂಗಸು ಒಬ್ಬಳೇ ಕೂರಲು ಹೆದರುತ್ತಿದ್ದಳಲ್ಲ, ಅವಳ ಜೊತೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದವರೂ ಇವರೇ. ನನಗೆ ಕಾರು ಕಲಿಸಿದ್ದು ಯಾರು? ನಿನ್ನ ಅಪ್ಪ ಎರಡೇ ದಿನಕ್ಕೆ ನನ್ನ ಮೇಲೆ ಕೂಗಾಡಿ ಕೈಬಿಟ್ಟರು. ಸೆನೈತ್ ಆಂಟಿ ತಮ್ಮ ಹಳೆಯ ಕಾರಿನಲ್ಲಿ ಕೂರಿಸಿಕೊಂಡು ‘ಸ್ಲೋ ಸಿಸ್ಟರ್, ರಸ್ತೆ ಎಲ್ಲೂ ಓಡಿಹೋಗಲ್ಲ’ ಅನ್ನುತ್ತಿದ್ದರು. ಅವರ ಮನೆಗೆ ಹೋದರೆ ಹಸಿ ಕಾಫಿಬೀಜ ಹುರಿಯುತ್ತ ನಾನು ಕಲಿಸಿದ ಒಂದೇ ಒಂದು ಕನ್ನಡ ಮಾತನ್ನು ಹೇಳುತ್ತಿದ್ದರು: ‘ಬರ್ರಿ, ಕೂಡ್ರಿ.’ ನನಗೆ ಈ ದೇಶದಲ್ಲಿ ಅಕ್ಕ ಅಂತ ಇದ್ದವರು ಅವರೊಬ್ಬರೇ. ಈಗ ಯಾರೂ ಇಲ್ಲ.

ಅವರ ನೆನಪಿಗೆ ಸಿಹಿ ಅಂಗಡಿಯ ಪಕ್ಕದ ಗೋಡೆಯ ಮೇಲೆ ಚಿತ್ರ ಬರೆಸಬೇಕು ಅಂತ ಬೀದಿಯವರೆಲ್ಲ ಸೇರಿ ತೀರ್ಮಾನ ಮಾಡಿದರು. ಚಿತ್ರ ಬರೆಯಲು ಊರಾಚೆಯ ಹೆಂಡರ್ಸನ್ನಿನ ಕಡೆಯಿಂದ ಅನಾಹೆರಾ ಅಂತ ಒಬ್ಬ ಮಾವೊರಿ ಹುಡುಗಿ ಬಂದಳು. ಒಳ್ಳೆಯ ಕೈ. ಒಂದು ಕಡೆ ಟೊಯಿಟೊಯಿ ಹುಲ್ಲು, ಹಳೆಯ ಹಣ್ಣಿನ ತೋಟಗಳು, ರೈಲು. ಇನ್ನೊಂದು ಕಡೆ ಈಗಿನ ನಮ್ಮ ಅಂಗಡಿಗಳು. ನಡುವೆ ಹಾಲ್‌ನ ಬೀಗದಕೈ ಹಿಡಿದು ನಿಂತ ಸೆನೈತ್ ಆಂಟಿ. ಅವಳು ಆಂಟಿಯನ್ನು ಕಣ್ಣಾರೆ ನೋಡಿದವಳಲ್ಲ, ಹಾಗಾಗಿ ಒಳ್ಳೆಯ ಫೋಟೋ ಕೇಳಿದಳು. ಯೋನಾಸ್ ದುಃಖದಲ್ಲಿದ್ದ. ‘ನೀವೇ ಆರಿಸಿ ಆಂಟಿ, ನಿಮ್ಮವರು ತುಂಬಾ ಫೋಟೋ ತೆಗೀತಾರಲ್ಲ’ ಅಂದ. ನಮ್ಮ ಕನ್ನಡದವರ ದೀಪಾವಳಿಗೆ ಅವರನ್ನು ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದ್ದೆವಲ್ಲ, ಆ ದಿನದ ಫೋಟೋ ಕೊಡುವುದು ಅಂತಾಯಿತು. ತೆಗೆದವನು ಧನಂಜಯ. ಇಲ್ಲಿಯ ನಮ್ಮ ಮಕ್ಕಳ ಮದುವೆ ಫೋಟೋ, ಗಂಡು ಹೆಣ್ಣಿನ ಕಡೆಗೆ ಕಳಿಸುವ ಫೋಟೋ, ಎಲ್ಲಕ್ಕೂ ಅವನೇ ಅಲ್ಲವೆ? ಅವನೇ ಸರಿಮಾಡಿ ಕಳಿಸಿದ. ಫೋನಿನಲ್ಲಿ ಬೆರಳಗಲ ನೋಡಿ ಎಲ್ಲರೂ ಚೆನ್ನಾಗಿದೆ ಅಂದೆವು.

ಜೂನ್ ಕೊನೆಗೆ ಮಳೆ ಬಿಟ್ಟ ಒಂದು ಬೆಳಿಗ್ಗೆ ಟಾರ್ಪಾಲು ಸರಿಸಿದರು. ನಮ್ಮ ಹೆಂಗಸರೆಲ್ಲ ‘ಎಷ್ಟ್ ಲಕ್ಷಣ ಬಂದಾರ ನೋಡ್ರಿ’ ಅಂದರು. ನಾನು ಎರಡು ಹೆಜ್ಜೆ ಮುಂದೆ ಹೋಗಿ ನೋಡಿದೆ. ಮೂಗು ಅವರದೇ, ನಗು ಅವರದೇ, ಬಣ್ಣ ಅವರದಲ್ಲ. ಗೋಧಿಬಣ್ಣದ ಯಾರೋ ಹೆಂಗಸು ಸೆನೈತ್ ಆಂಟಿಯ ಬಟ್ಟೆ ಉಟ್ಟು ನಿಂತಿದ್ದಳು. ಯೋನಾಸ್ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ‘ಹೂ ಇಸ್ ದಿಸ್ ಲೇಡಿ, ಆಂಟಿ?’ ಅಂದ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಕೇಳಿದ.

ಪಾಪ, ಅನಾಹೆರಾ ಅಳುವುದೊಂದು ಬಾಕಿ. ಫೋಟೋದಲ್ಲಿ ಮುಖ ಒಂದು ಬಣ್ಣ, ಕೈ ಒಂದು ಬಣ್ಣ ಇತ್ತಂತೆ. ಕೈ ನೆರಳಿನಲ್ಲಿ ಕಪ್ಪು ಕಂಡಿರಬೇಕು ಅಂದುಕೊಂಡು ಕೈಯ ಬಣ್ಣವನ್ನು ಮುಖಕ್ಕೆ ಹೊಂದಿಸಿದಳಂತೆ. ಧನಂಜಯನನ್ನು ಕೇಳಿದರೆ ಅವನಿಗೆ ತಾನು ಮಾಡಿದ್ದು ಏನು ಅಂತಲೇ ತಿಳಿಯಲಿಲ್ಲ. ‘ವೈನಿ, ನಾ ಏನೂ ಕೆಡಿಸಿಲ್ರೀ. ಮುಖಕ್ಕ ಸ್ವಲ್ಪ ಬೆಳಕ ಕೊಟ್ಟೀನಿ, ಅಷ್ಟ. ದೊಡ್ಡವರ ಫೋಟೋ ಅಂದಮ್ಯಾಲ ಛಲೋ ಕಾಣಬ್ಯಾಡೇನ್ರಿ?’ ಅಂದ. ಅವನ ಮುಖದಲ್ಲಿ ಕೆಟ್ಟತನ ಇರಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಗೌರವ ಕೊಡಲು ಹೊರಟು ಹಾಗೆ ಮಾಡಿದ್ದ. ನಿನ್ನ ಅಪ್ಪ ಬೇರೆ, ‘ಗದ್ಲ ಎಬ್ಬಿಸಬ್ಯಾಡ, ಬಣ್ಣ ಒಣಗಿದಮ್ಯಾಲ ತಾನ ಕಪ್ಪಾಗ್ತದ’ ಅಂದರು. ಆ ದಿನ ಅವರಿಗೆ ಊಟ ಬಡಿಸಲು ನನ್ನ ಕೈ ಏಳಲಿಲ್ಲ. ಸಾಯುವ ತನಕ ಈ ಬೀದಿಗಾಗಿ ದುಡಿದ ಕಪ್ಪು ಹೆಂಗಸಿಗೆ ಗೋಡೆಯ ಮೇಲೆ ನಿಲ್ಲಬೇಕಾದರೆ ಬಣ್ಣ ಬಿಟ್ಟುಕೊಡಬೇಕಾಯಿತಲ್ಲ, ಅದೂ ಅವರನ್ನು ಪ್ರೀತಿಸಿದವರ ಕೈಯಿಂದಲೇ!

ಯೋನಾಸ್ ಹೇಳಿದ ಮೇಲೆ ಅನಾಹೆರಾ ಮುಖಕ್ಕೂ ಕೈಗೂ ಬಿಳಿ ಪ್ರೈಮರ್ ಬಳಿದಳು. ಈಗ ಗೋಡೆಯ ಮೇಲೆ ಸೆರಗಿನ ಹಾಗೆ ಹೊದೆಯುತ್ತಿದ್ದ ಅವರ ಆ ಬಿಳಿ ನೆಟೆಲಾ ಇದೆ, ಬೀಗದಕೈ ಇದೆ, ಮುಖ ಇಲ್ಲ. ಬಸ್ ಸ್ಟಾಪಿನಲ್ಲಿ ನಿಂತರೆ ಎದುರಿಗೇ ಕಾಣುತ್ತದೆ, ನಾನು ಬೆನ್ನು ಮಾಡಿ ನಿಲ್ಲುತ್ತೇನೆ. ಸರಿಯಾಗಿ ಮತ್ತೆ ಬರೆಯುತ್ತೇನೆ, ಯೋನಾಸ್ ತನ್ನ ತಾಯಿಯ ಬೇರೆ ಫೋಟೋ ಕೊಡಲಿ ಅಂತ ಆ ಹುಡುಗಿ ಕಾಯುತ್ತಿದ್ದಾಳೆ. ಅವನು ಕೊಡುವುದಿಲ್ಲ, ಅವನು ಒಪ್ಪದೆ ನಮ್ಮಲ್ಲಿರುವುದನ್ನು ಕೊಡಲು ನನಗೆ ಮನಸ್ಸಿಲ್ಲ. ನಾನು ಮನೆಗೇ ಹೋಗಿ ಬೇಡಿಕೊಂಡೆ. ಬಾಗಿಲಲ್ಲೇ ನಿಂತು, ‘ನಮ್ಮಮ್ಮ ನಿಮ್ಮ ಮನೆಯವರು ಅಂದ್ಕೊಂಡಿದ್ದೆ ಆಂಟಿ. ಮಯೂರಿಗೆ ಹೀಗೆ ಮಾಡ್ತಿದ್ರಾ?’ ಅಂದ. ‘ನಮ್ಮ ಮಗಳಿಗೆ ಯಾರಪ್ಪಾ ಹಾಗೆ ಮಾಡ್ತಾರೆ!’ ಅಂತ ನಾನು ಜೋರಾಗಿಯೇ ಹೇಳಿದೆ. ಅವನು ಬಾಗಿಲು ಹಾಕಿಕೊಂಡ. ಅಂದಿನಿಂದ ಫೋನ್ ಎತ್ತಿಲ್ಲ.

ಇಷ್ಟೇ ನೋಡು ನನ್ನವ್ವಾ. ನೀನು ಅವನ ಜೊತೆ ಮಾತಾಡು. ಬೈದರೆ ಬೈಸಿಕೋ. ಸರಿಯಾದ ಹೊತ್ತಿಗೆ ಊಟ ಮಾಡು, ಒದ್ದೆ ತಲೆಯಲ್ಲಿ ಹೊರಗೆ ಹೋಗಬೇಡ. ಬಸವಣ್ಣ ನಿನ್ನ ಬೆನ್ನಿಗಿರಲಿ, ನನ್ನ ಆಯುಷ್ಯವೂ ನಿನಗೇ ಇರಲಿ.

ನಿನ್ನ ಅವ್ವ,
ರುದ್ರಾಣಿ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಯೋನಾಸ್ ಮನೆಯಿಂದ ಬಂದವಳು, ನಿನಗೆ ನೋಡಿದ ಧಾರವಾಡದ ಹುಡುಗನ ಮನೆಗೆ ನಿನ್ನ ಅಪ್ಪ ಕಳಿಸಿದ ನಿನ್ನ ಫೋಟೋವನ್ನು ತೆಗೆದು ನೋಡಿದೆ. ಧನಂಜಯ ಸರಿಮಾಡಿ ಕೊಟ್ಟದ್ದು. ಅದು ನೀನಲ್ಲ ಮಯೂರಿ. ಅವರು ಒಪ್ಪಿದ್ದು ಆ ಫೋಟೋದ ಗೋಧಿಬಣ್ಣದವಳನ್ನು. ನನ್ನ ಫೋನಿನಲ್ಲಿದ್ದ ನಿನ್ನ ನಿಜವಾದ ಫೋಟೋವನ್ನು ಆಗಲೇ ಅವರಿಗೆ ಕಳಿಸಿದೆ. ದಿನಾ ಫೋನ್ ಮಾಡುತ್ತಿದ್ದವರು ಸುಮ್ಮನಾಗಿದ್ದಾರೆ. ನಿನ್ನ ಅಪ್ಪನಿಗೆ ಕಾರಣ ಗೊತ್ತಿಲ್ಲ, ಇವತ್ತು ಶಿಫ್ಟ್ ಮುಗಿಸಿ ಬಂದ ಮೇಲೆ ಹೇಳುತ್ತೇನೆ. ನೀನು ಯೋನಾಸ್‌ಗೆ ಫೋನ್ ಮಾಡಿದಾಗ ಮೊದಲು ಈ ಮಾತು ಹೇಳು. ಇದನ್ನು ಹೇಳದೆ ಅವನ ತಾಯಿಯ ಮುಖ ಕೇಳಬೇಡ.