ಹದಿನೆಂಟು ಹಸು, ಒಂದು ಎಕ್ಸೆಲ್ ಶೀಟು

ಮೇ 26, ಸೋಮವಾರ. ಬೆಳಿಗ್ಗೆ 6.30

ನೀರು ಪರೀಕ್ಷೆಗೆ ನೆಲ್ಲಿಹಳ್ಳದ ಏಳನೇ ಬಾಟಲಿ. ಡ್ರೈವರ್ ಜಟ್ಟಿಂಗಪ್ಪ ಜೀಪು ನಿಲ್ಲಿಸಿದ. ಇಳಿದೆ, ಮುಳುಗಿಸಿದೆ, ಲೇಬಲ್ ಹಚ್ಚಿದೆ. ಹಳ್ಳ ನೂಲಿನ ಹಾಗೆ ಹರಿಯುತ್ತಿದೆ. ಕೆಳಗಿನ ಕೆರೆ ಮಾತ್ರ ಹಸಿರೋ ಹಸಿರು — ನೂರ ನಲವತ್ತು ಮನೆಯವರು ಕುಡಿಯುವ ನೀರು! ಪಂಚಾಯಿತಿಯವರದು ಒಂದೇ ಪ್ರಶ್ನೆ: ಈ ಪಾಚಿಗೆ ಗೊಬ್ಬರ ಹಾಕುತ್ತಿರುವವರು ಯಾರು?

ಉತ್ತರ ನನ್ನ ಹತ್ತಿರ ಇದೆ. ಅಂದರೆ ಶುಕ್ರವಾರದೊಳಗೆ ಇರುತ್ತದೆ. ದೊಡ್ಡ ಸಾಫ್ಟ್‌ವೇರ್ ಏನೂ ಬೇಕಿಲ್ಲ, ಎಕ್ಸೆಲ್ ಸಾಕು. ಎಷ್ಟು ಮಳೆ, ಎಷ್ಟು ಎಕರೆ, ಬಿದ್ದದ್ದರಲ್ಲಿ ಹರಿದು ಹೋಗುವುದೆಷ್ಟು, ಅದರ ಜೊತೆ ಬರುವ ಸಾರಜನಕ — ಪಾಚಿಯ ಊಟ — ಎಷ್ಟು. ದನವಿದ್ದರೆ ತಲೆಗೆ ಇಷ್ಟು ಅಂತ. ಗುಣಿಸು, ಕೂಡಿಸು, ಮುಗಿಯಿತು. ಆರು ವರ್ಷದಲ್ಲಿ ಸಾಗರ, ಹೊಸನಗರದ ಹನ್ನೊಂದು ಹಳ್ಳ ಮುಗಿಸಿದ್ದೇನೆ. ಒಂದೂ ತಪ್ಪಿಲ್ಲ.

ಮೇ 30, ಶುಕ್ರವಾರ

ಬಂತು! ವರ್ಷಕ್ಕೆ ಆರುನೂರು ಕೆ.ಜಿ. ಸಾರಜನಕ. ಕಳೆದ ಮಳೆಗಾಲ ಕೆರೆಯ ಬಾಯಲ್ಲಿ ಅಳೆದದ್ದೂ ಹೆಚ್ಚುಕಮ್ಮಿ ಅಷ್ಟೇ. ತಾಳೆಯಾಯಿತು. ಗದ್ದೆ, ತೋಟ ಸೇರಿ ನೂರೈವತ್ತು. ಮನೆಗಳ ಬಚ್ಚಲು ತೊಂಬತ್ತು. ಉಳಿದ ಮುನ್ನೂರ ಅರವತ್ತು ಒಂದೇ ಕೊಟ್ಟಿಗೆಯದು — ಹಳ್ಳದ ದಂಡೆಯ ಕೆರಿಯಮ್ಮನದು. ಹದಿನೆಂಟು ಹಸು. ತಲೆಗೆ ವರ್ಷಕ್ಕೆ ನಲವತ್ತು ಕೆ.ಜಿ., ಅದರಲ್ಲಿ ಅರ್ಧ ಹಳ್ಳಕ್ಕೆ ಎಂದು ಕೈಪಿಡಿಯಲ್ಲಿದೆ. ಇಷ್ಟು ಸ್ಪಷ್ಟ ಉತ್ತರವನ್ನು ಯಾವ ಹಳ್ಳವೂ ಕೊಟ್ಟಿರಲಿಲ್ಲ. ಖುಷಿಗೆ ಎರಡು ಲೋಟ ಕಾಫಿ.

ಜೂನ್ 2, ಸೋಮವಾರ

ಪಂಚಾಯಿತಿ ಸಭೆ. ಪ್ರೊಜೆಕ್ಟರ್ ಕೈಕೊಟ್ಟಿತು. ಬಾಯಲ್ಲೇ ಹೇಳಿದೆ. ಅಧ್ಯಕ್ಷ ಶಿವರಾಮ ಅವರು ಎರಡು ಸಲ ಕೇಳಿದರು.

"ಗ್ಯಾರಂಟಿನಾ ಪ್ರತಿಮಾ ಮೇಡಂ?"

"ಗ್ಯಾರಂಟಿ ಸರ್."

ಅಲ್ಲೇ ನೋಟಿಸ್ ಬರೆಸಿದರು. ಮೂರು ವಾರದೊಳಗೆ ಕೊಟ್ಟಿಗೆ ಎತ್ತಬೇಕು.

ಕೆರಿಯಮ್ಮ ಹಿಂದಿನ ಬೆಂಚಿನಲ್ಲಿದ್ದರು. ಅರವತ್ತು ದಾಟಿದ ಒಂಟಿ ಹೆಂಗಸು, ಡೈರಿಗೆ ಹಾಲು ಹಾಕಿ ಬದುಕುವವರು. ಎದ್ದು ನಿಂತರು.

"ಅಲ್ಲ ತಂಗಿ, ನನ್ನ ಕೊಟ್ಟಿಗೆ ಒಳಗೆ ಬಂದು ನೋಡಿದ್ಯಾ ನೀನು?"

"ನೋಡೋ ಅಗತ್ಯ ಇಲ್ಲಮ್ಮ. ಲೆಕ್ಕದಲ್ಲೇ ಎಲ್ಲಾ ಇದೆ."

"ಬೇರೆ ಜಾಗ ಎಲ್ಲಿಂದ ತರ್ಲಿ? ಹಸು ಇಲ್ದೆ ನಾನು ಎಂತ ಮಾಡ್ಲಿ?"

ಪಾಪ ಅನ್ನಿಸಿತು. ಆದರೆ ಇಡೀ ಊರು ಕುಡಿಯುವ ನೀರು. ಅಂಕಿ ಎಂದರೆ ಅಂಕಿ.

ಜೂನ್ 17, ಮಂಗಳವಾರ

ಹದಿನೈದು ದಿನ ಬರೆದಿಲ್ಲ. ಹುಲಿಕಲ್ ಕಡೆಯಿಂದ ಹಿಡಿದ ಮಳೆ ಬಿಟ್ಟೇ ಇಲ್ಲ, ಬಾಟಲಿ ತುಂಬಿಸುವುದೇ ಕೆಲಸ. ಇವತ್ತು ರಿಸಲ್ಟ್. ಕೊಟ್ಟಿಗೆಗಿಂತ ಮೇಲೆ ಲೀಟರಿಗೆ 1.8 ಮಿಲಿಗ್ರಾಂ ಸಾರಜನಕ. ಕೊಟ್ಟಿಗೆ ದಾಟಿದ ಮೇಲೆ... 1.8. ಕೆರೆಯ ಬಾಯಲ್ಲಿ 6.1. ಇದೆಂಥ ಕರ್ಮ!

ಜಟ್ಟಿಂಗಪ್ಪನ ಮೇಲೆ ಹಾರಾಡಿದೆ. "ಬಾಟಲಿ ಅದಲುಬದಲು ಮಾಡಿದ್ದೀಯ."

"ಲೇಬಲ್ ಬರ್ದಿದ್ದು ನೀವೇ ಮೇಡಂ. ನಂಗೆ ಬೈಯೋ ಬದ್ಲು ಒಂದ್ಸಲ ಆ ಕೊಟ್ಟಿಗೆಗೆ ಹೋಗ್ಬನ್ನಿ."

ಸಿಟ್ಟು ನೆತ್ತಿಗೇರಿತು. ಅವನು ಹೇಳಿದ್ದು ಸರಿ ಅನ್ನುವುದಕ್ಕೇ ಇನ್ನಷ್ಟು.

ಜೂನ್ 18, ಬುಧವಾರ. ಸಂಜೆ 5

ಹೋಗಿ ಬಂದೆ. ಕೊಟ್ಟಿಗೆ ತುಂಬ ಮೊಣಕಾಲುದ್ದ ಸೊಪ್ಪು. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ಕಾಡಿನ ಒಣ ಎಲೆ, ದರಗು — ದಿನಾ ಒಂದು ಹೊರೆ ಹಾಸುತ್ತಾರೆ. ಸಗಣಿ, ಗಂಜಲ ಎಲ್ಲ ಅದೇ ಕುಡಿಯುತ್ತದೆ. ತುಂಬಿದ ಮೇಲೆ ಎತ್ತಿ ಗೊಬ್ಬರಗುಂಡಿಗೆ. ಗುಂಡಿಗೂ ಹೆಂಚಿನ ಮಾಡು ಇದೆ. ಒಂದು ಹನಿ ಹೊರಗೆ ಹೋಗುವುದಿಲ್ಲ.

"ಗಂಜಲ ಹಳ್ಳಕ್ಕೆ ಬಿಡಕ್ಕೆ ನಂಗೇನು ತಲೆ ಕೆಟ್ಟಿದ್ಯಾ? ಗದ್ದೆಗೆ ಬೇಕಲ್ಲ ಅದು!"

ಕೈಪಿಡಿ ಹೇಳುವ ಆ ಅರ್ಧ, ಸಿಮೆಂಟ್ ನೆಲಕ್ಕೆ ಪೈಪ್ ಹಿಡಿದು ತೊಳೆಯುವ ಡೈರಿಗಳದು. ನಾಚಿಕೆಯ ಮಾತು ಬೇರೆಯೇ ಇದೆ. ತೀರ್ಥಹಳ್ಳಿಯಲ್ಲಿ ನಮ್ಮಜ್ಜಿ ವೆಂಕಮ್ಮನ ಕೊಟ್ಟಿಗೆಯೂ ಥೇಟ್ ಹೀಗೇ ಇತ್ತು. ಶಾಲೆಗೆ ಹೋಗುವ ಮುಂಚೆ ಸೊಪ್ಪು ಹಾಸುತ್ತಿದ್ದವಳು ನಾನೇ! ಅದೆಲ್ಲ ಮರೆತು ಪುಸ್ತಕ ನಂಬಿದೆ. ಥೂ ನನ್ನ.

ಗೂಟ ಎಣಿಸಿದೆ. ಹದಿನೆಂಟು. ಹಸು ಹನ್ನೊಂದು.

"ಉಳಿದವು ಮೇಯೋಕೆ ಹೋಗಿವೆಯಾ?"

"ನೋಟಿಸ್ ಬಂತಲ್ಲ ತಂಗಿ. ಏಳು ಕೊಟ್ಟೆ. ಘಟ್ಟದ ಕೆಳಗಿನವ್ರು ಲಾರಿ ತಂದಿದ್ರು."

"ಯಾರು? ಯಾವ ಊರು?"

"ಯಾರಿಗೊತ್ತು? ಅವ್ರು ಹತ್ತಿಸ್ಕೊಳ್ಳೋವಾಗ ನಾನು ಒಳಗೆ ಹೋಗ್ಬಿಟ್ಟೆ."

ಜೂನ್ 20, ಶುಕ್ರವಾರ

ಹಾಗಾದರೆ ಮುನ್ನೂರ ಅರವತ್ತು ಎಲ್ಲಿಂದ? ಕೊಟ್ಟಿಗೆಯಿಂದ ಕೆರೆಯವರೆಗೆ ನಡೆದೆ. ಮೊದಲೇ ನಡೆಯಬೇಕಿತ್ತು. ಪಹಣಿಯಲ್ಲಿ ಗದ್ದೆ ಎಂದಿರುವ ಆರು ಎಕರೆ ಪೂರ್ತಿ ಶುಂಠಿ. ಬದುವಿನ ಮೇಲೆ ಖಾಲಿ ಯೂರಿಯಾ ಚೀಲದ ರಾಶಿ. ಕಾಲುವೆ ನೇರ ಹಳ್ಳಕ್ಕೆ. ಅದರ ಬಾಯಲ್ಲಿ ಟೆಸ್ಟ್ ಕಿಟ್ ಹಾಕಿ ಅಲ್ಲೇ ನೋಡಿದೆ, ಲೀಟರಿಗೆ 23 ಮಿಲಿಗ್ರಾಂ! ಜಾಗ ಶಿವರಾಮ ಅವರದು, ಗುತ್ತಿಗೆಗೆ ಕೊಟ್ಟಿದ್ದಾರೆ. ಅವರಿಗೆ ಇದು ಹೊಳೆದಿರಲಿಕ್ಕಿಲ್ಲ. ಹೊಳೆಯಬೇಕಾಗಿದ್ದು ನನಗೆ.

ಶೀಟು ತಿದ್ದಿದೆ. ಈಗ ಬಾಟಲಿ, ಲೆಕ್ಕ ಎರಡೂ ಒಂದೇ ಮಾತು ಹೇಳುತ್ತಿವೆ. ಶೀಟಿನಲ್ಲಿ ದೋಷವಿಲ್ಲ, ತುಂಬಿದವಳಲ್ಲಿ ಇತ್ತು. ನಾಳೆ ತುರ್ತು ಸಭೆ. ಕರೆಸಿದ್ದು ನಾನೇ.

ಜೂನ್ 21, ಶನಿವಾರ

ಎದ್ದು ಹೇಳಿದೆ. "ನಾನು ಗ್ಯಾರಂಟಿ ಕೊಟ್ಟ ಅಂಕಿ ತಪ್ಪು. ಕೆರಿಯಮ್ಮನ ಕೊಟ್ಟಿಗೆಯಿಂದ ಹಳ್ಳಕ್ಕೆ ಏನೂ ಬರ್ತಿಲ್ಲ. ತಪ್ಪು ನಂದು." ಶುಂಠಿಯ ಮಾತನ್ನೂ ಅಷ್ಟೇ ಜೋರಾಗಿ ಹೇಳಿದೆ. ಶಿವರಾಮ ಅವರ ಮುಖ ಕೆಂಪಾಯಿತು. ಆಮೇಲೆ ಅವರೇ ನೋಟಿಸ್ ಹರಿದರು. ಹಳ್ಳದ ಬದಿ ಎರಡು ಎಕರೆ ಬೀಳು ಬಿಡಿಸ್ತೀನಿ, ಕಾಲುವೆ ತಿರುಗಿಸ್ತೀನಿ ಅಂದರು. ಗೆದ್ದೆ ಅಂದುಕೊಂಡೆ.

ಕೆರಿಯಮ್ಮ ಕೂತಲ್ಲಿಂದಲೇ ಕೇಳಿದರು.

"ನಿನ್ನ ಲೆಕ್ಕ ಸರಿಯಾಯ್ತು ತಂಗಿ. ನನ್ನ ಏಳು?"

ಹೊರಗೆ ಬಂದವಳೇ ಜಟ್ಟಿಂಗಪ್ಪನಿಗೆ ಆ ಲಾರಿ ಹುಡುಕಲು ಹೇಳಿದೆ.

ಜೂನ್ 23, ಸೋಮವಾರ. ಬೆಳಿಗ್ಗೆ 9

ನಿನ್ನೆ ಜಟ್ಟಿಂಗಪ್ಪ ಘಟ್ಟ ಇಳಿದು ಮೂರು ಊರು ವಿಚಾರಿಸಿ ಬಂದ. ಲಾರಿಯ ಸುಳಿವಿಲ್ಲ. ಬರುವ ಭಾನುವಾರ ಇನ್ನೂ ಕೆಳಗೆ ಹೋಗುತ್ತೇವೆ, ನಾನೂ ಹೋಗುತ್ತೇನೆ.

ಅಂತಿಮ ವರದಿ ಇವತ್ತೇ ಕಳಿಸಬೇಕು. ಮಳೆ ಸರಿ, ಶುಂಠಿ ಸರಿ, ಬಚ್ಚಲು ಸರಿ. ಒಂದೇ ಸಾಲು ಬಾಕಿ — ದನಗಳ ಸಂಖ್ಯೆ. ಹದಿನೆಂಟು ಅಂತಲೇ ಇದೆ. ಈಗ ಇರುವಷ್ಟನ್ನೇ ಹಾಕಬೇಕು, ಅದು ನಿಯಮ. ಎಂಟು ಅಳಿಸಿ ಒಂದು ಹೊಡೆದರೆ ಹನ್ನೊಂದು, ಆಯಿತು. ಎಂಟು ಅಳಿಸಿದೆ. ಪಕ್ಕದ ಇನ್ನೊಂದು ಒಂದನ್ನು ಇನ್ನೂ ಹೊಡೆದಿಲ್ಲ.